ಮುತ್ತಜ್ಜನ ಹೆಸರು ಮರೆತವರ ಹೊಲದಲ್ಲಿ ಸಾವಿರ ವರ್ಷದ ಕಲ್ಲು

ಪ್ರಶ್ನೆ: ಕಳೆದ ತಿಂಗಳು ನಮ್ಮ ತಂದೆಯವರ ವರ್ಷಾಬ್ದಿಕ ಮುಗಿಯಿತು. ಪುರೋಹಿತರು ಮೂರು ತಲೆಮಾರಿನ ಹೆಸರು ಹೇಳಿ ಎಂದಾಗ ಮುತ್ತಜ್ಜನ ಹೆಸರು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾಚಿಕೆಯಾಯಿತು. ನಮ್ಮ ಹೊಲದ ಬದುವಿನಲ್ಲಿ ಮೂರು ಹಂತದ ಕೆತ್ತನೆಯಿರುವ ಕಲ್ಲೊಂದಿದೆ. ಅಮ್ಮ ಪ್ರತಿ ಯುಗಾದಿಗೆ ಅದಕ್ಕೆ ಎಣ್ಣೆ ಹಚ್ಚುತ್ತಾರೆ. ಯಾವ ದೇವರೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಅದು ವೀರಗಲ್ಲು, ಯಾರೋ ಸತ್ತವನ ಕಲ್ಲು ಎಂದು ಶಾಲೆಯ ಮೇಷ್ಟ್ರು ಹೇಳಿದರು. ಸತ್ತವರನ್ನು ಸುಟ್ಟು ಬೂದಿಯನ್ನೂ ನೀರಿಗೆ ಬಿಡುವ ನಾಡಿನಲ್ಲಿ ಇಷ್ಟೊಂದು ಕಲ್ಲುಗಳನ್ನು ಏಕೆ ನೆಟ್ಟರು? ಹಿಂದಿನವರು ಸತ್ತವರನ್ನು ನಮಗಿಂತ ಚೆನ್ನಾಗಿ ನೆನೆಯುತ್ತಿದ್ದರೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ಹಿಂದಿನವರೂ ಮರೆಯುತ್ತಿದ್ದರು, ಬಹುಶಃ ನಮ್ಮಷ್ಟೇ ಬೇಗ. ಆದರೆ ಮರೆಯುತ್ತೇವೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ನೆನಪನ್ನು ಮನಸ್ಸಿನ ಮರ್ಜಿಗೆ ಬಿಡದೆ, ಅದನ್ನು ಯಾರಾದರೊಬ್ಬರಿಗೆ ಕೆಲಸವಾಗಿ ಹಚ್ಚುತ್ತಿದ್ದರು. ಆ ಕೆಲಸಕ್ಕೆ ಕೂಲಿಯನ್ನೂ ಗೊತ್ತುಮಾಡುತ್ತಿದ್ದರು. ನಿಮ್ಮ ಮನೆಯ ಶ್ರಾದ್ಧ ಮತ್ತು ನಿಮ್ಮ ಹೊಲದ ಕಲ್ಲು ಇಂಥ ಎರಡು ಏರ್ಪಾಡುಗಳು. ಒಂದು ಮನೆಯ ಲೆಕ್ಕ, ಇನ್ನೊಂದು ಊರಿನ ಲೆಕ್ಕ. ನಿಮ್ಮ ಹೊಲದಲ್ಲಿ ಊರಿನ ಲೆಕ್ಕದ ಕಲ್ಲು ಉಳಿದಿದೆ, ಆದರೆ ಹೆಸರು ಅಳಿದಿದೆ. ಅದು ಹೇಗಾಯಿತು ಎಂಬುದೇ ಇಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಎಂದು ನನ್ನ ಎಣಿಕೆ.

ಮೊದಲು ಮನೆಯ ಲೆಕ್ಕ. ಶ್ರಾದ್ಧದಲ್ಲಿ ಪಿಂಡ ಸಲ್ಲುವುದು ಮೂವರಿಗೆ: ಪಿತೃ, ಪಿತಾಮಹ, ಪ್ರಪಿತಾಮಹ. ಹೊಸದಾಗಿ ಸತ್ತವನು ಮೊದಲಿಗೆ ಪ್ರೇತ. ಅವನ ಪಿಂಡವನ್ನು ಹಿರಿಯರ ಪಿಂಡದೊಡನೆ ಕೂಡಿಸುವ ಸಪಿಂಡೀಕರಣವಾದ ಮೇಲೆ ಅವನು ಪಿತೃಗಳ ಸಾಲಿಗೆ ಸೇರುತ್ತಾನೆ. ಅವನು ಒಳಗೆ ಬಂದಾಗ ಸಾಲಿನ ಆ ತುದಿಯಲ್ಲಿದ್ದ ಹಿರಿಯ ಹೊರಗೆ ಹೋಗುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಹೆಸರು ಹಿಡಿದು ಕರೆಯುವ ಪಿಂಡವಿಲ್ಲ. ಹೆಸರಿಲ್ಲದ ಹಿರಿಯರ ಗುಂಪಿನಲ್ಲಿ ಒಬ್ಬನಾಗುತ್ತಾನೆ. ಬಸ್ಸಿನ ಹಿಂಬಾಗಿಲಲ್ಲಿ ಹತ್ತಿದವರು ಮುಂಬಾಗಿಲಲ್ಲಿ ಇಳಿಯಲೇಬೇಕು ಎಂಬಂಥ ಏರ್ಪಾಡು ಇದು. ನಿಮ್ಮ ಮುತ್ತಜ್ಜ ಒಂದು ನಿಲ್ದಾಣ ಮೊದಲೇ ಇಳಿದಿದ್ದಾರೆ, ಅಷ್ಟೆ. ನಾಚಿಕೆಪಡುವಂಥದ್ದೇನೂ ಇಲ್ಲ.

ಈ ಕ್ರಿಯೆಗಳಲ್ಲಿ ಬಳಸುವ ವಸ್ತುಗಳನ್ನು ಒಮ್ಮೆ ಎಣಿಸಿ ನೋಡಿ: ಅನ್ನದ ಉಂಡೆ, ಎಳ್ಳು, ನೀರು, ದರ್ಭೆ, ಹೂವು. ಒಂದೂ ನಾಳೆಗೆ ಉಳಿಯುವಂಥದ್ದಲ್ಲ. ಪಿಂಡವನ್ನು ಕಾಗೆ ಒಯ್ಯುತ್ತದೆ ಅಥವಾ ನೀರು ಕರಗಿಸುತ್ತದೆ. ಬೇರೆ ಸಮುದಾಯಗಳ ಪದ್ಧತಿಗಳಲ್ಲೂ ಹೀಗೆಯೇ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮೂರನೆಯ ದಿನ ಹಾಲು ತುಪ್ಪ ಬಿಡುತ್ತಾರೆ, ಹನ್ನೊಂದನೆಯ ದಿನಕ್ಕೆ ತಿಥಿ ಮಾಡುತ್ತಾರೆ, ಮಹಾಲಯದ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಎಲ್ಲವೂ ದಿನಗಳ ಲೆಕ್ಕ. ಸೂತಕ ಯಾವಾಗ ಆರಂಭವಾಗಿ, ಎಷ್ಟನೆಯ ದಿನಕ್ಕೆ ಮನೆಯವರು ಮತ್ತೆ ಊರಿನವರಾಗುತ್ತಾರೆ ಎಂಬುದನ್ನು ಅದು ಹೇಳುತ್ತದೆ. ದುಃಖ ಹನ್ನೊಂದನೆಯ ದಿನ ಮುಗಿಯುವುದಿಲ್ಲ ಎಂಬುದು ಪದ್ಧತಿ ಮಾಡಿದವರಿಗೂ ಗೊತ್ತಿತ್ತು. ಆದರೆ ಬಿತ್ತನೆ ಕಾಯುವುದಿಲ್ಲ. ಆದ್ದರಿಂದ ದಿನ ಗೊತ್ತುಮಾಡಿದರು.

ಇದು ಈ ನೆಲದ ಅತ್ಯಂತ ಹಳೆಯ ಪದ್ಧತಿ ಎಂದು ಮಾತ್ರ ತಿಳಿಯಬೇಡಿ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟ ಹತ್ತಿದರೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲುಮನೆಗಳು ಸಾಲುಸಾಲಾಗಿ ಕಾಣುತ್ತವೆ. ಸಣ್ಣವು ದೊಡ್ಡವು ಎಲ್ಲ ಸೇರಿ ಸುಮಾರು 400 ರಚನೆಗಳಿವೆ. ಕೆಲವಕ್ಕೆ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣದ ಬಳಕೆ ಬಂದ ಕಾಲದಲ್ಲಿ, ಸತ್ತವರಿಗಾಗಿ ಕಟ್ಟಿದವು ಇವು. ಸುತ್ತಲಿನ ಜನ ಇವನ್ನು ಮೋರೇರ ಮನೆಗಳೆನ್ನುತ್ತಾರೆ. ಕಟ್ಟಿದವರು ಯಾರೆಂಬುದು ಮರೆತುಹೋದಾಗ ಜನ ಹೊಸ ಹೆಸರು ಕೊಟ್ಟುಕೊಂಡರು. ಈ ಮಾತಿಗೆ ಮತ್ತೆ ಬರುತ್ತೇನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಂಥ ಗೋರಿಗಳನ್ನು ಅಗೆಸಿದಾಗ, ಒಂದೇ ಕಲ್ಲುಪೆಟ್ಟಿಗೆಯಲ್ಲಿ ಹಲವರ ಬಿಡಿಬಿಡಿ ಮೂಳೆಗಳು ಸಿಕ್ಕವು. ಎಂದರೆ ದೇಹವನ್ನು ಮೊದಲು ಬೇರೆಡೆ ಬಿಟ್ಟು, ಆಮೇಲೆ ಮೂಳೆಗಳನ್ನು ಆಯ್ದು ತಂದು ಇಟ್ಟಿದ್ದಾರೆ. ಸಾವಿನ ಕ್ರಿಯೆ ಎರಡು ಕಂತಿನಲ್ಲಿ ನಡೆಯುವುದು ಅಷ್ಟು ಹಳೆಯದು.

ಇನ್ನು ನಿಮ್ಮ ಕಲ್ಲಿಗೆ ಬರೋಣ. ಗೋರಿಗೂ ವೀರಗಲ್ಲಿಗೂ ದೊಡ್ಡ ವ್ಯತ್ಯಾಸವಿದೆ: ವೀರಗಲ್ಲಿನ ಕೆಳಗೆ ಸಾಮಾನ್ಯವಾಗಿ ಯಾರ ಮೂಳೆಯೂ ಇರುವುದಿಲ್ಲ, ನಿಧಿಯಂತೂ ಇಲ್ಲವೇ ಇಲ್ಲ. (ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ನಂಬುವುದಿಲ್ಲ.) ಸುಟ್ಟ ದೇಹದ ಗುರುತಲ್ಲ ಅದು, ನಡೆದ ಸಂಗತಿಯ ಗುರುತು.

ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ಕೆಳಗಿನ ಹಂತದಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಬದಿಯಲ್ಲಿ ಕೊಂಬಿನ ದನಗಳು. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಒಯ್ಯುತ್ತಿರುತ್ತಾರೆ, ಇಲ್ಲವೇ ವಿಮಾನದಲ್ಲಿ ಕೂರಿಸಿರುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಜೈನನಾಗಿದ್ದರೆ ಅಲ್ಲಿ ಜಿನ ಇರುತ್ತಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ. ಬಹಳಷ್ಟು ಕಲ್ಲುಗಳ ಮೇಲೆ ಒಂದೇ ಸಂಸ್ಕೃತ ಶ್ಲೋಕ ಬರುತ್ತದೆ: ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ. ಗೆದ್ದರೆ ಸಿರಿ, ಸತ್ತರೆ ದೇವಕನ್ನಿಕೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆಯೇಕೆ ಎಂದು ಅರ್ಥ. ಇದು ಸತ್ತವನಿಗೆ ಹೇಳಿದ ಮಾತಲ್ಲ ಎಂಬುದನ್ನು ಗಮನಿಸಿ. ಕಲ್ಲಿನ ಮುಂದೆ ನಿಂತು ಓದುವ, ಇನ್ನೂ ಸಾಯದ ಹುಡುಗನಿಗೆ ಹೇಳಿದ್ದು. ಸೈನ್ಯಕ್ಕೆ ಸೇರಿಸಿಕೊಳ್ಳುವ ಜಾಹೀರಾತಿನ ಗುಣ ಅದರಲ್ಲಿ ಸ್ವಲ್ಪ ಇದೆ.

ಈ ಕಲ್ಲುಗಳನ್ನು ಓದುತ್ತಾ ಬಂದವರಿಗೆ ಮೆಲ್ಲಗೆ ಒಂದು ವಿಷಯ ಹೊಳೆಯುತ್ತದೆ. ಇವುಗಳಲ್ಲಿ ಅಳು ಬಹಳ ಕಡಿಮೆ, ಲೆಕ್ಕ ಬಹಳ ಹೆಚ್ಚು. ಯಾರ ಆಳ್ವಿಕೆ, ಯಾವ ಸಂವತ್ಸರ, ಯಾರು ದಾಳಿ ಮಾಡಿದರು, ಇವನು ಏನು ಮಾಡಿ ಸತ್ತ, ಇವನ ಮನೆಯವರಿಗೆ ಎಷ್ಟು ಭೂಮಿ ಕೊಟ್ಟರು, ಅದರ ಎಲ್ಲೆ ಯಾವುದು, ಕಿತ್ತುಕೊಂಡವನಿಗೆ ಎಂಥ ಪಾಪ ತಟ್ಟುತ್ತದೆ. ರಕ್ತ ಸುರಿಸಿದವನ ಮನೆಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದೇ ಹೆಸರು. ಕಲ್ಲಿನೊಡನೆ ಸಲ್ಲುವ ಭೂಮಿ ಕಲ್ನಾಡು. ಪರಾಕ್ರಮ ತೋರಿದವನಿಗೆ ಕತ್ತಿ ತೊಳೆದ ಗೌರವವೆಂದು ಕೊಟ್ಟದ್ದು ಬಾಳ್ಗಚ್ಚು. ಹಳಗನ್ನಡದಲ್ಲಿ ಶೋಕಕ್ಕೆ ಪದಗಳಿಗೆ ಬರವಿರಲಿಲ್ಲ. ಆದರೂ ಕಲ್ಲಿನ ಮೇಲೆ ಈ ಲೆಕ್ಕದ ಪದಗಳೇ ಮತ್ತೆ ಮತ್ತೆ ಬರುತ್ತವೆ. ಊರು ಒಬ್ಬನ ಪ್ರಾಣವನ್ನು ಸಾಲವಾಗಿ ಪಡೆದಿದೆ, ತೀರಿಸುತ್ತೇನೆಂದು ಎಲ್ಲರೆದುರು ಕಲ್ಲು ನೆಟ್ಟು ಒಪ್ಪಿಕೊಂಡಿದೆ. ವೀರಗಲ್ಲನ್ನು ನಾನು ಮೊದಲು ಋಣಪತ್ರ ಎಂದು ಓದುತ್ತೇನೆ, ಆಮೇಲೆ ಸ್ಮಾರಕ ಎಂದು.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಮನುಷ್ಯನದ್ದಲ್ಲ, ನಾಯಿಯದ್ದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದದ್ದು ಈ ಕಲ್ಲಿನಲ್ಲಿದೆ. ದಕ್ಷಿಣ ಭಾರತದ ಚರಿತ್ರೆಯ ಪುಸ್ತಕಗಳು ಈ ಶಾಸನವನ್ನು ಉಲ್ಲೇಖಿಸುವುದು ಆ ಯುದ್ಧಕ್ಕಾಗಿ. ಆದರೆ ಕಲ್ಲು ನೆಟ್ಟದ್ದು ಅದಕ್ಕಲ್ಲ. ಬೂತುಗನ ಕಡೆಯ ಮಣಲೆರ ಎಂಬ ಸೇನಾನಿ ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ ಬೇಡಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಟ್ಟವೊಂದರಲ್ಲಿ ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತದ್ದು ಆ ನಾಯಿಗೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಕಾದಾಡುತ್ತಿರುವ ಕೆತ್ತನೆಯಿದೆ.

ಆಮೇಲಿನ ಸಾಲುಗಳೇ ಈ ಉತ್ತರಕ್ಕೆ ಬೇಕಾದವು. ನಾಯಿಯ ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಬಿತ್ತನೆಯ ಭೂಮಿ ಬಿಟ್ಟರು. ಆ ಭೂಮಿಯನ್ನು ಹಾಳುಮಾಡಿದವನಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ ಎಂದರು. ಗೊರವನಿಗೆ ಕಾಳಿಯನ್ನು ಕಂಡು ಗೊತ್ತಿರಲಾರದು, ಅದರ ಮೇಲೆ ಪ್ರೀತಿಯೂ ಇರಬೇಕಿಲ್ಲ. ಅವನ ಮಗನಿಗೆ, ಮೊಮ್ಮಗನಿಗೆ ಇನ್ನೂ ಇಲ್ಲ. ಆದರೆ ದಿನವೂ ಹಸಿವಾಗುತ್ತದಲ್ಲ! ನೆನಪನ್ನು ಹಸಿವಿಗೆ ಕಟ್ಟಿಹಾಕಿದ ಈ ಜಾಣತನವನ್ನು ನಾನು ಬೇರೆಲ್ಲೂ ಇಷ್ಟು ಚೊಕ್ಕವಾಗಿ ಕಂಡಿಲ್ಲ. ಮಣಲೆರನಿಗೆ ತನ್ನ ದುಃಖದ ಆಯುಸ್ಸು ಎಷ್ಟೆಂದು ಗೊತ್ತಿತ್ತು ಎಂದು ಕಾಣುತ್ತದೆ.

ಪಾಪದ ಮಾತು ಬಂದದ್ದರಿಂದ ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ದಾನಶಾಸನಗಳ ತುಂಬ ಇದೆ. ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪವೂ ಸೇರುತ್ತದೆ. ಇಷ್ಟು ಜೋರಾಗಿ ಶಪಿಸಬೇಕಾಯಿತು ಎಂದರೆ, ಕಿತ್ತುಕೊಳ್ಳುವವರು ಎಷ್ಟು ಮಂದಿ ಇದ್ದರು ಎಂದು ಊಹಿಸಿಕೊಳ್ಳಿ.

ಎಂಥ ಸಾವಿಗೆ ಕಲ್ಲು? ಅತಿ ಹೆಚ್ಚು ಕಾಣುವುದು ತುರುಗೊಳ್, ಎಂದರೆ ದನಗಳನ್ನು ಹಿಡಿದೊಯ್ಯಲು ಬಂದವರೊಡನೆ ನಡೆದ ಕಾಳಗ. ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆದು ಸತ್ತದ್ದು ಪೆಣ್ಬುಯ್ಯಲ್. ಊರಳಿವು ಎಂದರೆ ಊರಿನ ಮೇಲಿನ ದಾಳಿ, ಗಡಿಯ ಜಗಳ, ಹುಲಿಯ ಜೊತೆ ಸೆಣಸಾಟ ಇವೂ ಇವೆ. ಅರಸರ ದೊಡ್ಡ ದಂಡಯಾತ್ರೆಗಳಿಗಿಂತ ಹಟ್ಟಿಯ ಬಾಗಿಲಿನ ಸಾವುಗಳೇ ಹೆಚ್ಚು. ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದೂ ಬೇಗೂರಿನ ಗುಡಿಯ ಬಳಿಯ, ಸುಮಾರು ಕ್ರಿ.ಶ. 890ರ ಕಲ್ಲಿನ ಮೇಲೆ: ಬೆಂಗಳೂರ ಕಾಳೆಗದಲ್ಲಿ ಒಬ್ಬ ಸತ್ತ ಎಂದು. ಇಂದಿನ ಮಹಾನಗರದ ಮೊದಲ ದಾಖಲೆ ಒಂದು ಸಾವಿನ ಸುದ್ದಿ.

ಋಣದ ಲೆಕ್ಕ ಇನ್ನೊಂದು ದಿಕ್ಕಿಗೂ ಹರಿಯುತ್ತಿತ್ತು, ಅದು ಕತ್ತಲೆಯ ದಿಕ್ಕು. ಒಡೆಯನ ಜೋಳ ಉಂಡವನು ಆ ಋಣವನ್ನು ಪ್ರಾಣದಿಂದ ತೀರಿಸಬೇಕೆಂಬ ಕಟ್ಟುಪಾಡಿಗೆ ಜೋಳವಾಳಿ ಎಂಬ ಹೆಸರಿತ್ತು. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟ ಲೆಂಕರಿದ್ದರು. ಒಡೆಯನನ್ನು ಹೂಳುವ ಕುಣಿಯಲ್ಲಿ ಅವನ ಕೆಳಗೆ ತಾನೂ ಹೂಳಿಸಿಕೊಳ್ಳುವುದು ಕೀಳ್ಗುಂಟೆ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಶಿಲ್ಪ ನೋಡಿ ಹಿಂದಿರುಗುತ್ತಾರೆ. ಅಲ್ಲಿಯೇ ದಕ್ಷಿಣದ ಕಡೆ ಇರುವ ಕಂಬವನ್ನು ನೋಡುವವರು ಕಡಿಮೆ. ಹೊಯ್ಸಳ ದೊರೆ ಎರಡನೆಯ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವನ ಸಂಗಡಿಗರು ದೊರೆಯ ಹಿಂದೆಯೇ ಪ್ರಾಣ ಬಿಟ್ಟ ಕಥೆ ಅದರ ಮೇಲಿದೆ. ಕಂಬದ ಮೇಲೆ ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ಗಂಡಸರ ಸಣ್ಣ ಸಣ್ಣ ಮೂರ್ತಿಗಳಿವೆ. ಶಾಸನ ನಡುವೆಯೇ ನಿಂತುಹೋಗಿದೆ. ಇದನ್ನು ಸ್ವಾಮಿಭಕ್ತಿ ಎಂದು ಕೊಂಡಾಡುವವರಿದ್ದಾರೆ. ಉಣಿಸಿದ ಅನ್ನಕ್ಕೆ ಇಷ್ಟು ಬೆಲೆ ಕೇಳಿದ ವ್ಯವಸ್ಥೆಯನ್ನು ಮೆಚ್ಚಲು ನನ್ನಿಂದ ಆಗಿಲ್ಲ.

ಹೆಣ್ಣಿನ ಪಾಲಿಗೆ ಅದು ಮಾಸ್ತಿಕಲ್ಲು. ಮಹಾಸತಿ ಎಂಬುದು ಬಾಯಲ್ಲಿ ಸವೆದು ಮಾಸ್ತಿಯಾಯಿತು. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರೂ ಹಾಗೆ ಬಂದದ್ದೆನ್ನುತ್ತಾರೆ. ಗುರುತು ಹಿಡಿಯುವುದು ಸುಲಭ. ಒಂದು ಕಂಬ, ಅದರಿಂದ ಹೊರಟ ತೋಳು, ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಹಸ್ತ. ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಬಳೆ ಒಡೆದಿಲ್ಲ ಎಂಬುದೇ ಆ ಕೈ ಹೇಳುವ ಮಾತು: ಅವಳು ವಿಧವೆಯಾಗಲೇ ಇಲ್ಲ. ಹೆಚ್ಚಿನ ಮಾಸ್ತಿಕಲ್ಲುಗಳಲ್ಲಿ ಅಕ್ಷರವಿಲ್ಲ, ಹೆಸರಿಲ್ಲ, ಮುಖವೂ ಇಲ್ಲ.

ಹೆಸರಿರುವ ಒಂದಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ, ಕ್ರಿ.ಶ. 1057ರದ್ದು. ದೇಕಬ್ಬೆ ಎಂಬವಳ ಗಂಡ ಏಚ ಮಲ್ಲಯುದ್ಧದಲ್ಲಿ ಅರಸು ಮನೆತನದವನೊಬ್ಬನನ್ನು ಕೊಂದ. ಅದಕ್ಕಾಗಿ ತಲಕಾಡಿನಲ್ಲಿ ಅವನನ್ನು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೊರಟಳು. ತಾಯಿ ತಂದೆ ಬಂಧುಗಳು ಬೇಡವೆಂದು ತಡೆದದ್ದನ್ನು, ಅವಳು ಕೇಳದೆ ಹೋದದ್ದನ್ನು ಶಾಸನ ಬರೆದ ಕವಿ ಪದ್ಯಗಳಲ್ಲಿ ಹೇಳಿದ್ದಾನೆ. ಅವನ ಉದ್ದೇಶ ಅವಳನ್ನು ಹೊಗಳುವುದು. ಆದರೆ ಹೊಗಳುವ ಭರದಲ್ಲಿ ತಡೆದವರನ್ನೂ ಕಲ್ಲಿನಲ್ಲಿ ಉಳಿಸಿಬಿಟ್ಟ. ಮಗಳ ಕೈಹಿಡಿದು ಎಳೆದ ಹೆತ್ತವರು ಅಲ್ಲಿದ್ದರು, ಎಲ್ಲರೂ ಜಯಕಾರ ಹಾಕುತ್ತಾ ನಿಂತಿರಲಿಲ್ಲ ಎಂಬುದಕ್ಕೆ ಆ ಕಲ್ಲೇ ಸಾಕ್ಷಿ. ಸಹಗಮನಕ್ಕೆ ಕಾನೂನಿನ ನಿಷೇಧ ಬಂಗಾಳದಲ್ಲಿ 1829ರಲ್ಲಿ, ಮದ್ರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ 1830ರಲ್ಲಿ ಬಂದಿತು.

ವ್ರತ ಹಿಡಿದು ಪ್ರಾಣ ಬಿಟ್ಟವರಿಗೆ ನಿಲ್ಲಿಸುವ ಜೈನರ ನಿಸಿದಿಗಲ್ಲಿನ ರೀತಿ ಬೇರೆ. ಅಲ್ಲಿ ಸಾವು ಬಂದೆರಗುವುದಿಲ್ಲ. ಆಹಾರ ಬಿಟ್ಟು, ವ್ರತವಾಗಿ ನೋಂತು, ಅದನ್ನು ಎದುರುಗೊಳ್ಳುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದ ಹೊತ್ತಿನಿಂದಲೂ ಇಂಥ ಬರಹಗಳಿವೆ. ನಂದಿಸೇನ ಎಂಬ ಮುನಿಯದ್ದೊಂದು: ಸಿರಿ, ರೂಪ, ಸಂಪತ್ತು ಎಲ್ಲವೂ ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ತೋರಿ ಬೇಗ ಕರಗುತ್ತವೆ, ನಾನಿನ್ನು ನಿಲ್ಲುವುದಿಲ್ಲ ಎಂದು ಅವನು ಹೊರಟ. ಕನ್ನಡ ಕವಿತೆಯ ಮೊದಲ ಸಾಲುಗಳಲ್ಲಿ ಕೆಲವು ಹೀಗೆ ಸಾವಿನ ಬಂಡೆಯ ಮೇಲೆ ಹುಟ್ಟಿದವು. ಗಂಗರ ಮಾರಸಿಂಹ ಬಂಕಾಪುರದಲ್ಲಿ, ರಾಷ್ಟ್ರಕೂಟರ ಕೊನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಇದೇ ರೀತಿ ದೇಹ ಬಿಟ್ಟರು. ಸತ್ತವರ ಗೌರವಕ್ಕೆಂದು ಶಿಷ್ಯರು, ಬಂಧುಗಳು ಬಸದಿ ಕಟ್ಟಿಸಿದರೆ, ದಾನ ಬಿಟ್ಟರೆ, ಕಲ್ಲು ನಿಲ್ಲಿಸಿದರೆ ಅದನ್ನು ಪರೋಕ್ಷವಿನಯ ಎನ್ನುತ್ತಿದ್ದರು. ಕಣ್ಣೆದುರಿಗೆ ಇಲ್ಲದವರಿಗೆ ತೋರುವ ವಿನಯ. ಶ್ರದ್ಧಾಂಜಲಿ ಎಂಬ ಪದ ಸವೆದು ಹೋಗಿರುವ ಈ ಕಾಲದಲ್ಲಿ ಇದನ್ನು ಮತ್ತೆ ಬಳಕೆಗೆ ತರಬಾರದೇಕೆ ಎಂದು ನನಗೆ ಆಗಾಗ ಅನಿಸುತ್ತದೆ.

ನಿಸಿದಿಗಳಲ್ಲಿ ದುಃಖ ಇಲ್ಲವೆಂದಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ, ಅರಸಿ ಸದ್ಗತಿಗೆ ಸಂದಳು, ನಾನಿನ್ನು ಇರಲಾರೆ ಎಂದು ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ಶಾಸನದ ಭಾಷೆ ವ್ರತದ ಭಾಷೆಯೇ. ಸನ್ಯಸನ, ಸಮಾಧಿ ಎಲ್ಲ ಸರಿಯಾಗಿಯೇ ಇದೆ. ಆದರೆ ಇರಲಾರೆ ಎಂಬ ಒಂದು ಮಾತು ಶಾಸ್ತ್ರದ್ದಲ್ಲ. ಅದು ಮಗಳನ್ನು ಕಳೆದುಕೊಂಡವಳದ್ದು.

ಈ ಎಲ್ಲವನ್ನೂ ಬೇಡವೆಂದವರೂ ಇದೇ ನೆಲದಲ್ಲಿದ್ದರು. ಹನ್ನೆರಡನೆಯ ಶತಮಾನದ ಶರಣರು ಸೂತಕವನ್ನೇ ಒಪ್ಪಲಿಲ್ಲ, ಮರಣವೇ ಮಹಾನವಮಿ ಎಂದರು. ಅವರ ಹಾದಿಯವರು ಸುಡದೆ ಮಣ್ಣು ಮಾಡುತ್ತಾರೆ. ದೊಡ್ಡವರ ಸಮಾಧಿ ಗದ್ದುಗೆಯಾಗುತ್ತದೆ. ವಿಪರ್ಯಾಸವೆಂದರೆ ಸ್ಥಾವರ, ಎಂದರೆ ಕಟ್ಟಿ ನಿಲ್ಲಿಸಿದ್ದು, ಬೇಡವೆಂದವರ ಗದ್ದುಗೆಗಳೇ ಇಂದು ದೊಡ್ಡ ದೊಡ್ಡ ಜಾತ್ರೆ ಸೇರುವ ಜಾಗಗಳು.

ಹಾಗಾದರೆ ಅಳುತ್ತಿದ್ದವರು ಯಾರು? ಹೆಂಗಸರು. ಸತ್ತವನ ಗುಣ ಎತ್ತಿ ಹಾಡಿಕೊಂಡು ಅಳುವುದನ್ನು ಹಳ್ಳಿಯ ಸಾವಿನ ಮನೆಯಲ್ಲಿ ಕೇಳಿದವರು ಬಲ್ಲರು. ಅದಕ್ಕೊಂದು ಲಯವಿದೆ, ಏರಿಳಿತವಿದೆ. ಒಬ್ಬಳು ಎತ್ತಿದ್ದನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಹೊಗಳಿಕೆಯ ನಡುವೆ ಸತ್ತವನ ಮೇಲಿನ ದೂರೂ ನುಸುಳುತ್ತದೆ. ಸಾಲ ಉಳಿಸಿ ಹೋದೆಯಲ್ಲ, ಮಗಳ ಮದುವೆ ಮಾಡದೆ ಹೋದೆಯಲ್ಲ ಎಂದು. ಕಲ್ಲು ನೆಡುವ ಹಕ್ಕು, ಭೂಮಿ ಕೊಡುವ ಹಕ್ಕು, ಕೆತ್ತುವ ಉಳಿ ಬಹುಮಟ್ಟಿಗೆ ಗಂಡಸರ ಕೈಯಲ್ಲಿದ್ದವು. ಹಾಗಾಗಿ ಸಾವಿರ ವರ್ಷದ ಹಿಂದಿನ ಭೂಮಿಯ ಎಲ್ಲೆ ನಮಗೆ ಗೊತ್ತು, ಅದೇ ದಿನ ಆ ಮನೆಯಲ್ಲಿ ಹಾಡಿದ ಹಾಡು ಗೊತ್ತಿಲ್ಲ. ಶೋಕದ ಇತಿಹಾಸ ಬರೆಯಲು ಕುಳಿತವರ ಕೈಗೆ ಸಿಗುವುದು ಯಾವಾಗಲೂ ಅರ್ಧ ಕಡತ.

ಈಗ ಹೆಸರು ಅಳಿದದ್ದು ಹೇಗೆ ಎಂಬ ಪ್ರಶ್ನೆ. ಏರ್ಪಾಡು ನಿಂತಿದ್ದದ್ದು ಭೂಮಿಯ ಮೇಲೆ. ದಾಯಾದಿಗಳ ಪಾಲು, ಹೊಸ ಒಡೆಯರು, ಬರಗಾಲದ ವಲಸೆ, ಯಾವುದೋ ಒಂದು ಕಾರಣಕ್ಕೆ ಭೂಮಿ ಕೈತಪ್ಪಿದ ದಿನ ಗೊರವನ ಕೆಲಸವೂ ತಪ್ಪಿತು. ಹಲವು ತಲೆಮಾರು ಕಳೆದರೆ ಆ ಅಕ್ಷರಗಳನ್ನು ಓದಬಲ್ಲವರು ಊರಿನಲ್ಲಿ ಇರುವುದಿಲ್ಲ, ಲಿಪಿಯೇ ಬದಲಾಗಿರುತ್ತದೆ. ಉಳಿಯುವುದು ಕಲ್ಲು, ಮತ್ತು ಅದಕ್ಕೆ ಏನೋ ಸಲ್ಲಬೇಕು ಎಂಬ ಅಸ್ಪಷ್ಟ ಅಂಜಿಕೆ. ಯಾರೋ ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ. ಮಾಸ್ತಿಕಲ್ಲು ಮಾಸ್ತಮ್ಮನಾಗುತ್ತದೆ. ಬಿಲ್ಲು ಹಿಡಿದ ದನಗಾಹಿ ಊರಿನ ಕಾವಲು ದೇವರಾಗುತ್ತಾನೆ. ಹಿರೇಬೆಣಕಲ್ಲಿನಲ್ಲಿ ಕಟ್ಟಿದವರಿಗೆ ಜನ ಹೊಸ ಹೆಸರು ಕೊಟ್ಟರು ಎಂದೆನಲ್ಲ, ಅದೇ ಕೆಲಸ. ನಿಮ್ಮ ತಾಯಿ ಹಚ್ಚುವ ಎಣ್ಣೆ ಆ ಹಳೆಯ ಸಾಲದ ಬಡ್ಡಿ. ಅಸಲು ಕೊಟ್ಟವನು ಯಾರೆಂದು ಮರೆತರೂ ಬಡ್ಡಿ ಸಂದಾಯವಾಗುತ್ತಲೇ ಇದೆ.

ಕೆಲವೆಡೆ ನೆಲವೇ ಆ ಲೆಕ್ಕವನ್ನು ಇಟ್ಟುಕೊಂಡಿದೆ. ಕೊಡಿಗೇಹಳ್ಳಿ ಎಂಬ ಹೆಸರಿನ ಊರುಗಳು ದಕ್ಷಿಣ ಕರ್ನಾಟಕದಲ್ಲಿ ಹಲವಿವೆ. ಕೊಡಗೆಯಾಗಿ, ಎಂದರೆ ದಾನವಾಗಿ, ಬಂದ ನೆಲ ಎಂಬುದು ಅದರ ಮೂಲಾರ್ಥ. ಕೆರೆ ಕಟ್ಟಿದ್ದಕ್ಕೂ ಕೊಡಗೆ ಸಿಗುತ್ತಿತ್ತು, ಆದ್ದರಿಂದ ಎಲ್ಲವೂ ರಕ್ತದ ಕೊಡಗೆಯಲ್ಲ. ನಿಮ್ಮ ಹೊಲಕ್ಕೆ ಹಳೆಯ ಹೆಸರೇನಾದರೂ ಇದ್ದರೆ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸರ್ವೆ ನಂಬರು ಬಂದ ಮೇಲೆ ಹೊಲಗಳ ಹೆಸರೂ ಸಾಯುತ್ತಿವೆ.

ಎಲ್ಲ ಕಲ್ಲಿಗೂ ಎಣ್ಣೆಯ ಭಾಗ್ಯ ಇಲ್ಲ. ಒಮ್ಮೆ ಕ್ಷೇತ್ರಕಾರ್ಯದಲ್ಲಿ ಒಂದು ಊರಿನ ಹಳ್ಳದ ದಡದಲ್ಲಿ ನೀರು ಕುಡಿಯಲು ನಿಂತಿದ್ದೆ. ಅಜ್ಜಿಯೊಬ್ಬರು ಚಪ್ಪಡಿಯೊಂದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಚಪ್ಪಡಿಯ ಅಂಚಿನಲ್ಲಿ ದಾರದಷ್ಟು ಸಣ್ಣ ಉಬ್ಬುಪಟ್ಟಿ ಕಂಡಿತು. ನಾಲ್ಕು ಜನ ಸೇರಿ ಮಗುಚಿದೆವು. ಕೆಳಗೆ ಮಣ್ಣು ಮೆತ್ತಿದ ವೀರ, ಬಿಲ್ಲು, ಐದು ದನಗಳ ಮುಖ, ಹಂತಗಳ ನಡುವೆ ಒಂದೂವರೆ ಸಾಲು ಅಕ್ಷರ. ಮುಖ ಕೆಳಗಾಗಿ ಬಿದ್ದದ್ದರಿಂದಲೇ ಅದು ಉಳಿದಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ಇಷ್ಟು ವರ್ಷ ಇವನ ಬೆನ್ನ ಮೇಲೆ ಒಗೆದೆನಲ್ಲ ಎಂದು ಕೆನ್ನೆ ಬಡಿದುಕೊಂಡರು. ಆಮೇಲೆ, ಹಾಗಾದರೆ ನಾಳೆಯಿಂದ ನಾನು ಎಲ್ಲಿ ಒಗೆಯಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪಂಚಾಯಿತಿಯವರಿಗೆ ಹೇಳಿ ಬೇರೆ ಚಪ್ಪಡಿ ಹಾಕಿಸಲು ಎರಡು ತಿಂಗಳು ಹಿಡಿಯಿತು.

ನಿಮ್ಮ ಕಲ್ಲಿಗೆ ಏನು ಮಾಡಬಹುದು? ನಡುಹಗಲಿನಲ್ಲಿ ನೋಡಬೇಡಿ, ಏನೂ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಿ. ಇಲ್ಲವೇ ರಾತ್ರಿ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿದು ಫೋಟೊ ತೆಗೆಯಿರಿ. ಅಕ್ಷರ ಇದ್ದರೆ ಬಹುತೇಕ ಹಂತಗಳ ನಡುವಿನ ಪಟ್ಟಿಗಳಲ್ಲಿ ಇರುತ್ತದೆ. ಸ್ವಸ್ತಿ ಎಂಬ ಆರಂಭವನ್ನು ಹುಡುಕಿ. ಸತ್ತಂ, ಸ್ವರ್ಗಸ್ಥನಾದ, ಸುರಲೋಕಪ್ರಾಪ್ತನಾದ ಎಂಬಂಥ ಮಾತು ಎಲ್ಲಿದೆ ನೋಡಿ. ಹೆಸರು ಅದರ ಹಿಂದೆಮುಂದೆಯೇ ಇರುತ್ತದೆ. ಈಗ ಬಳಕೆಯಲ್ಲಿಲ್ಲದ ೞ ಅಕ್ಷರ ಕಂಡರೆ ಕಲ್ಲು ಹನ್ನೆರಡನೆಯ ಶತಮಾನಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು. ತಂತಿಯ ಬ್ರಷ್ಷು, ಆಸಿಡ್ಡು, ಸೀಮೆಸುಣ್ಣ, ಬಣ್ಣ ಯಾವುದೂ ಬೇಡ. ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಜಾಗ ಬದಲಿಸಲೂ ಬೇಡಿ.

ನಿಮ್ಮದು ಹಳೆಯ ಮೈಸೂರು ಸೀಮೆಯ ಊರಾಗಿದ್ದರೆ, ಯಾರಾದರೂ ಅದನ್ನು ಈಗಾಗಲೇ ಓದಿರಲೂಬಹುದು. ಶಾಸನತಜ್ಞ ಬಿ. ಎಲ್. ರೈಸ್ ಮತ್ತು ಅವರ ಪಂಡಿತರು ಊರೂರು ತಿರುಗಿ ಸಾವಿರಾರು ಶಾಸನಗಳನ್ನು ಪ್ರತಿ ಮಾಡಿದರು. 1886ರಿಂದ ಮೊದಲ್ಗೊಂಡು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅವು ಅಚ್ಚಾಗಿವೆ. ತಾಲ್ಲೂಕುವಾರು ಜೋಡಣೆ ಇರುವುದರಿಂದ ಹುಡುಕುವುದು ಕಷ್ಟವಲ್ಲ. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ತಂದಿದೆ. ನಿಮ್ಮ ತಾಲ್ಲೂಕಿನ ಸಂಪುಟದಲ್ಲಿ ಊರಿನ ಹೆಸರು ತೆರೆದು, ಇಂಥ ಹೊಲದಲ್ಲಿರುವ ವೀರಗಲ್ಲು ಎಂಬ ತಲೆಬರಹ ಇದೆಯೇ ನೋಡಿ. ಇದ್ದರೆ ಒಂದು ಸಂಜೆಯಲ್ಲಿ ಹೆಸರು ಸಿಕ್ಕೀತು. ಮುತ್ತಜ್ಜನ ಹೆಸರಿಗೆ ಅಷ್ಟು ಸುಲಭದ ದಾರಿಯಿಲ್ಲ. ಹಳೆಯ ಪಹಣಿ, ಕ್ರಯಪತ್ರ, ಮನೆಯ ಪಂಚಾಂಗದ ಹಿಂದಿನ ಹಾಳೆ ಇವನ್ನು ಒಮ್ಮೆ ತಿರುವಿ ಹಾಕಿ.

ಅಕ್ಷರ ಇರುವುದು ಖಚಿತವಾದರೆ ಫೋಟೊ ಕಳಿಸಿ, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಯುಗಾದಿಯ ಎಣ್ಣೆಯನ್ನು ಪಟ್ಟಿಗಳಿಗೆ ತಾಗಿಸದೆ ಮೇಲಿನ ಲಿಂಗಕ್ಕಷ್ಟೇ ಹಚ್ಚಲು ಸಾಧ್ಯವೇ ಎಂದು ನಿಮ್ಮ ತಾಯಿಯವರನ್ನು ಕೇಳಿ ನೋಡಿ.